ಅವನು ಎತ್ತದ ಕೈ

"ಯಾರ್ರೀ ಅದು? ಆ ಕೂಸಿನ್ನ ಮುಟ್ಟಬ್ಯಾಡ್ರಿ!"

ಗದಿಗೆವ್ವನ ಕೂಗಿಗೆ ಗುಡಿಸಲೊಳಗಿದ್ದ ಗಂಡಸು ಬೆಚ್ಚಿ ತಿರುಗಿದ. ಎರಡು ವರ್ಷದ ಕೂಸೊಂದನ್ನು ಹಳೆಯ ಸೀರೆಯ ತುಂಡಿನಿಂದ ನಡುಗಂಬಕ್ಕೆ ಕಟ್ಟಲಾಗಿತ್ತು. ಅತ್ತು ಅತ್ತು ಅದರ ಮುಖ ಕೆಂಪಾಗಿತ್ತು. ಅವನ ಬೆರಳುಗಳು ಆ ಗಂಟಿನಲ್ಲಿ ಪೇಚಾಡುತ್ತಿದ್ದವು.

"ಕಳ್ಳ ಅಲ್ರೀ ನಾನು! ಸೊಸೈಟಿ ಸೆಕ್ರೆಟರಿ, ದೇವೇಂದ್ರಪ್ಪ. ಅಳೂ ದನಿ ಕೇಳಿ ಒಳಗ ಬಂದೆ. ಈ ಗಂಟು ಬಿಚ್ಚವಲ್ದು..."

"ಎಳೀಬ್ಯಾಡ್ರಿ, ಇನ್ನಷ್ಟು ಬಿಗೀತೈತಿ. ಆ ತುದಿ ಒಳಗ ನೂಕ್ರಿ... ಆ ಕಡಿಂದ... ಹಾಂ, ಆತು!"

ಕೂಸು ಅವನ ಅಂಗಿಗೆ ಮೂಗು ಒರೆಸಿ ಸುಮ್ಮನಾಯಿತು.

"ನೀವು ಯಾರಂತ ಗೊತ್ತಾಗಲಿಲ್ಲ..."

"ಸರಪಂಚ ಮುದಕಪ್ಪನವರ ಮಗಳು, ಗದಿಗೆವ್ವ. ಗದಗಿನಾಗ ಬಾಲವಾಡಿ ತರಬೇತಿ ಮುಗಿಸಿ ನಿನ್ನೆ ಬಂದೀನಿ."

"ಹಂಗಾರ ಬಾಯಾರು ಅನ್ರಿ! ಗಂಟು ಬಿಚ್ಚೂ ಪಾಠಾ ಅಂಗಳದಾಗ ನಿಂತು ಕಲಿಸಿದ್ರಿ!"

ಅವನು ನಕ್ಕ. ಅವಳಿಗೂ ನಗು ಬಂತು. ತಾನು ಅಂಗಳದಲ್ಲೇ ಏಕೆ ನಿಂತೆ ಎಂದು ಆಗ ಅವಳು ಯೋಚಿಸಲಿಲ್ಲ. ಅದು ಊರ ಹೊರಗಿನ ಕೇರಿ. ಮೇಲೋಣಿಯ ಹೆಣ್ಣುಮಕ್ಕಳು ಅಲ್ಲಿಯ ಮನೆಯೊಳಗೆ ಕಾಲಿಡುತ್ತಿರಲಿಲ್ಲ, ಅಷ್ಟೆ.

ಸ್ವಾತಂತ್ರ್ಯ ಬಂದು ಏಳು ವರ್ಷವಾಗಿತ್ತು. ಮುಂಡರಗಿ ದಾರಿಯ ಕರಿಬಾವಿ ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಹತ್ತಿ ಬಿಡಿಸುವ ಕಾಲ ಬಂದರೆ ತಾಯಂದಿರು ನಸುಕಿಗೇ ಹೊಲಕ್ಕೆ ಹೋಗುತ್ತಿದ್ದರು. ಕೂಸು ಬಾವಿಯ ಕಡೆ ಹೋಗದಿರಲಿ ಎಂದು ಕಂಬಕ್ಕೆ ಕಟ್ಟಿ ಹೋಗುತ್ತಿದ್ದರು. ಈ ಕೂಸು ಉಡಚವ್ವನ ಮಗ ಮೂಕಪ್ಪ.

ಊರಿಗೊಂದು ಬಾಲವಾಡಿ ಬೇಕು! ಗದಿಗೆವ್ವನ ಕನಸು ಅದೊಂದೇ. ಅದಕ್ಕೆ ಪ್ರತಿ ಮನೆಯಿಂದ ವರ್ಷಕ್ಕೊಮ್ಮೆ ಸಣ್ಣದೊಂದು ಪಟ್ಟಿ, ಅಂದರೆ ವಂತಿಗೆ, ಎತ್ತಬೇಕಿತ್ತು. ಊರಸಭೆಯಲ್ಲಿ ಹೆಚ್ಚು ಜನ ಕೈ ಎತ್ತಿದರೆ ಮಾತ್ರ ಆ ಪಟ್ಟಿ ಜಾರಿಗೆ ಬರುತ್ತಿತ್ತು.

"ನಾನೂ ನಿಮ್ಮ ಜೋಡಿ ಮನಿಮನಿ ತಿರಗ್ತೀನಿ," ಎಂದ ದೇವೇಂದ್ರಪ್ಪ.

ತಿರುಗಿದ ಕೂಡ. ಅವಳು ತಾಯಂದಿರ ಜೊತೆ ಅಡಿಗೆಮನೆಯಲ್ಲಿ, ಅವನು ಗಂಡಸರ ಜೊತೆ ಕಟ್ಟೆಯ ಮೇಲೆ. ಹೊರಬಂದು ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಆ ಮನೆ ಒಲಿಯಿತೋ ಇಲ್ಲವೋ ತಿಳಿದುಬಿಡುತ್ತಿತ್ತು.

'ಇವರ ಮುಖ ನೋಡಾಕಂತ ಇನ್ನೊಂದು ಮನಿ ಹೊಗಬೇಕನಸ್ತೈತಲ್ಲಾ...' ಎಂದುಕೊಂಡು ಗದಿಗೆವ್ವ ತಾನೇ ನಾಚಿಕೊಂಡಳು.

ಒಲಿಯದವನು ಹತ್ತಿ ವ್ಯಾಪಾರಿ ಹುಚ್ಚೀರಪ್ಪ ಒಬ್ಬನೇ. ಆದರೆ ಅವನ ಓಣಿಯ ಜನ ಅವನ ಮಾತು ಮೀರುತ್ತಿರಲಿಲ್ಲ.

"ಕೂಸು ಹಡಿಯಾವ್ರು ಅವರು, ಪಟ್ಟಿ ಕೊಡಾಂವ ನಾನು! ಚಲೋ ಐತಿ ನಿಮ್ಮ ನ್ಯಾಯ!"

ಸಭೆಯ ಹಿಂದಿನ ದಿನ, ದೇವೇಂದ್ರಪ್ಪ ಗದಗಿಗೆ ಹೋಗಿದ್ದಾಗ, ಹುಚ್ಚೀರಪ್ಪ ತಾನಾಗಿಯೇ ಬಂದ.

"ನೋಡವಾ, ಬಾಲವಾಡಿ ಗುಡಿ ಪೌಳ್ಯಾಗ ಆಗಲಿ. ದೊಡ್ಡ ಅಂಗಳ, ಜಾಗಾ ಪುಕ್ಕಟ. ಹಂಗಾದ್ರ ನಮ್ಮ ಓಣ್ಯಾಗಿನ ಕೈ ಎಲ್ಲಾ ನಿನ್ನವು."

ಗದಿಗೆವ್ವನಿಗೆ ಕುಣಿಯುವಷ್ಟು ಸಂತೋಷ! ಠರಾವಿನಲ್ಲಿ ಆ ಸಾಲನ್ನು ತನ್ನ ಕೈಯಾರೆ ಬರೆದಳು.

ಮರುದಿನ ಹಳೇ ಚಾವಡಿಯ ಮುಂದೆ ಸೇರಿದ ಸಭೆಯಲ್ಲಿ ಮುದಕಪ್ಪ ಠರಾವು ಓದಿದ. 'ಗುಡಿಯ ಪೌಳಿಯಲ್ಲಿ' ಎಂಬ ಮಾತು ಬಂದಾಗ ದೇವೇಂದ್ರಪ್ಪ ತಟ್ಟನೆ ಎದ್ದ.

"ಸರಪಂಚರ, ಒಂದ್ ಮಾತು..."

"ಮಾತೆಲ್ಲಾ ಮುಗದಾವು. ಒಪ್ಪಿಗಿ ಇದ್ದಾವ್ರು ಕೈ ಎತ್ರಿ!"

ನೂರಕ್ಕೂ ಹೆಚ್ಚು ಕೈ ಎದ್ದವು. ಗದಿಗೆವ್ವನ ಕಣ್ಣು ಒಂದೇ ಒಂದು ಕೈಯನ್ನು ಹುಡುಕುತ್ತಿತ್ತು. ಅವನು ಎದ್ದು ಹೋಗಿ, ದೂರದ ಬೇವಿನ ಗಿಡದ ಕೆಳಗೆ ಕುಳಿತ ಕೇರಿಯವರ ನಡುವೆ ಕುಳಿತಿದ್ದ. ಅವನ ಎರಡು ಕೈಗಳೂ ತೊಡೆಯ ಮೇಲಿದ್ದವು!

ಠರಾವು ಪಾಸಾಯಿತು. ಅವಳು ಗೆದ್ದಳು.

"ಯಾಕ್ರೀ ಹಿಂಗ ಮಾಡಿದ್ರಿ?" ಸಭೆ ಮುಗಿಯುತ್ತಲೇ ಅವನನ್ನು ಅಡ್ಡಗಟ್ಟಿದಳು.

"ಬಾಯಾರ, ಉಡಚವ್ವನ್ನ ಒಂದ್ ಮಾತು ಕೇಳಿದ್ರೇನು?"

"ಅಕಿನ್ನ ಏನ್ ಕೇಳೂದು? ಅಕಿ ಕೂಸಿನ ಸಲವಾಗೇ ಇಷ್ಟೆಲ್ಲಾ ಮಾಡಿದ್ದು! ಮೋಸಗಾರರು ನೀವು. ಇನ್ನ ನನ್ನ ಕಣ್ಣ ಮುಂದ ಬರಬ್ಯಾಡ್ರಿ!"

ಅವನ ಮುಖ ಬಿಳಿಚಿತು. ತಲೆ ತಗ್ಗಿಸಿ ಹೊರಟುಹೋದ. ಮೂರು ದಿನಕ್ಕೆ ಖಬರು ಬಂತು. ಸೆಕ್ರೆಟರಿ ತನ್ನೂರು ಹುಲಕೋಟಿಗೆ ವರ್ಗ ಬೇಕೆಂದು ಅರ್ಜಿ ಬರೆದುಕೊಟ್ಟಿದ್ದಾನೆ!

'ಹೋಗಲಿ. ನನಗೇನು?' ಎಂದಳು ಗದಿಗೆವ್ವ. ಆ ದಿನ ತಟ್ಟೆಯ ರೊಟ್ಟಿ ಹಾಗೇ ಉಳಿಯಿತು.

ಬಾಲವಾಡಿ ಶುರುವಾಯಿತು. ಪೌಳಿಯ ತುಂಬ ಮಕ್ಕಳ ಗದ್ದಲ. ನಾಲ್ಕನೆಯ ದಿನ ಅವಳು ಒಂದೊಂದು ಮುಖವನ್ನೂ ನೋಡುತ್ತ ಬಂದಳು. ಮೂಕಪ್ಪ ಇರಲಿಲ್ಲ. ಕೇರಿಯ ಒಂದು ಕೂಸೂ ಇರಲಿಲ್ಲ.

ಓಡುತ್ತ ಉಡಚವ್ವನ ಗುಡಿಸಲಿಗೆ ಹೋದಳು. ಉಡಚವ್ವ ಹೊಲಕ್ಕೆ ಹೊರಟು, ಮಗನ ನಡುವಿಗೆ ಸೀರೆಯ ತುಂಡು ಸುತ್ತುತ್ತಿದ್ದಳು.

"ಉಡಚವ್ವಾ, ಯಾಕ ಕಳಿಸಿಲ್ಲ ಇವನ್ನ?"

"ಗುಡಿ ಪೌಳ್ಯಾಗ ನಮ್ಮನ್ನ ಯಾವಾಗ ಬಿಟ್ಟಾರವ್ವಾ?" ಉಡಚವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಪಟ್ಟಿ ಮಾತ್ರ ನಮಗೂ ಬಿತ್ತು."

"ನಾ... ನಾ ಮರತೆ ಉಡಚವ್ವಾ."

"ಮರಿಯಾಕ ಮೊದಲ ನೆನಪಿರಬೇಕಲ್ರೀ. ಸೆಕ್ರೆಟರಿಗೆ ನೆನಪಿತ್ತು. ಅವತ್ತ ನಮ್ಮ ಜೋಡಿ ಬಂದು ಕುಂತ್ರು. ಕೈ ಎತ್ತಾಕ ನಮಗೂ ಮನಸಾಗಲಿಲ್ಲ, ಅವರಿಗೂ ಆಗಲಿಲ್ಲ."

ಗದಿಗೆವ್ವನ ಕಣ್ಣು ತುಂಬಿದವು. ಅವಳು ಬಾಗಿ ಒಳಗೆ ಹೋದಳು. ಕೂಸಿನ ನಡುವಿನ ಗಂಟು ಬಿಚ್ಚಿ, ಅದನ್ನು ಎತ್ತಿಕೊಂಡಳು.

ಮನೆಗೆ ಬಂದ ಮಗಳ ಸೊಂಟದ ಮೇಲಿನ ಕೂಸನ್ನು ನೋಡಿ ಮುದಕಪ್ಪ ಎಲ್ಲವನ್ನೂ ತಿಳಿದುಕೊಂಡ.

"ಅಪ್ಪಾ, ಇನ್ನೊಂದು ಸಭಾ ಕರೀರಿ. ಬಾಲವಾಡಿ ಹಳೇ ಚಾವಡ್ಯಾಗ ಆಗಬೇಕು. ಅಲ್ಲಿ ಎಲ್ಲಾರೂ ಬರಬಹುದು."

"ಹುಚ್ಚ ಹುಡುಗಿ! ಹುಚ್ಚೀರಪ್ಪನ ಓಣಿ ತಿರುಗಿ ಬಿದ್ರ ಪಟ್ಟೀನೂ ಹೋತು, ಬಾಲವಾಡೀನೂ ಹೋತು."

"ಹೋದ್ರ ಹೋಗಲಿ. ಮತ್ತ ಮನಿಮನಿ ತಿರಗ್ತೀನಿ."

ಸೋಮವಾರ ಮತ್ತೆ ಚಾವಡಿಯ ಮುಂದೆ ಸಭೆ ಸೇರಿತು. ಗದಿಗೆವ್ವ ನಡುವೆ ನಿಂತಳು.

"ತಪ್ಪು ನಂದು. ಠರಾವು ಬರದಾಕಿ ನಾನು. ಕರ್ನಾಟಕ ಒಂದಾಗಬೇಕಂತ ಎಲ್ಲಾರೂ ಕೂಗ್ತೀವಿ. ನಮ್ಮೂರಾಗಿನ ಕೂಸುಗಳು ಒಂದು ಚಾಪಿ ಮ್ಯಾಲ ಕುಂಡ್ರೂದು ಬ್ಯಾಡೇನು?"

"ನಾ ಒಂದ್ ಪೈನೂ ಕೊಡೂದಿಲ್ಲ!" ಹುಚ್ಚೀರಪ್ಪ ಗುಡುಗಿದ.

ಕೈಗಳು ಏಳತೊಡಗಿದವು. ಬೇವಿನ ಗಿಡದ ಕೆಳಗಿನವು ಮೊದಲು ಎದ್ದವು. ಹುಚ್ಚೀರಪ್ಪನ ತಾಯಿ, ಮುದುಕಿ ಬಸವಣ್ಣೆವ್ವ, ಮಗನ ಕಡೆ ನೋಡದೆ ಕೈ ಎತ್ತಿದಳು. ಕೆಲವು ಸೊಸೆಯಂದಿರು ಸೆರಗಿನೊಳಗಿಂದಲೇ ಎತ್ತಿದರು. ಕೊನೆಯಲ್ಲಿ, ಚಾವಡಿಯ ಬಾಗಿಲ ಬಳಿ ನಿಂತಿದ್ದ ದೇವೇಂದ್ರಪ್ಪನ ಕೈ ನೆಟ್ಟಗೆ ಮೇಲಕ್ಕೆ ಹೋಯಿತು!

ಎರಡೆರಡು ಸಲ ಎಣಿಸಿದರು. ಪರ ಎಪ್ಪತ್ತೆರಡು. ವಿರುದ್ಧ ಎಪ್ಪತ್ತೊಂದು.

"ತಡೀರಿ, ತಡೀರಿ!" ಹುಚ್ಚೀರಪ್ಪ ಎದ್ದ. "ಸೆಕ್ರೆಟರಿ ಊರು ಬಿಟ್ಟು ಹೊಂಟಾಂವ. ಹೋಗಾವನ ಕೈ ಎಣಸಬಾರದು!"

ಸಭೆ ಗುಜುಗುಜು ಎಂದಿತು. ಆ ಒಂದು ಕೈ ಬಿಟ್ಟರೆ ಎರಡೂ ಸಮ. ಸಮವಾದರೆ ಠರಾವು ಬಿದ್ದ ಹಾಗೆ!

ಮುದಕಪ್ಪ ಗಂಟಲು ಸರಿಮಾಡಿಕೊಂಡ. "ಏನ್ರೀ ದೇವೇಂದ್ರಪ್ಪ, ನೀವು ಈ ಊರಾಗ ಇರಾವ್ರೋ, ಹೋಗಾವ್ರೋ?"

ದೇವೇಂದ್ರಪ್ಪ ಗದಿಗೆವ್ವನನ್ನು ನೋಡಿದ.

"ಅದನ್ನ... ನಾ ಒಬ್ಬನ ಹೇಳಾಕ ಬರೂದಿಲ್ರಿ, ಸರಪಂಚರ."

"ಮತ್ತ ಯಾರು ಹೇಳಬೇಕು?"

ಎದುರಿಗೆ ಅಪ್ಪ, ಸುತ್ತ ಊರಿಗೆ ಊರೇ... ಗದಿಗೆವ್ವನ ಕಿವಿ ಬಿಸಿಯಾದವು. 'ಈಗ ಬಾಯಿ ಬಿಡದಿದ್ರ ಇನ್ಯಾವಾಗ?'

"ಇರ್ತಾರ!" ಎಂದಳು.

"ಯಾರ ಮನ್ಯಾಗವಾ?" ಬಸವಣ್ಣೆವ್ವ ಬೊಚ್ಚು ಬಾಯಿ ತೆರೆದು ಕೇಳಿದಳು.

"ನಮ್ಮ ಮನ್ಯಾಗ... ಅಲ್ಲಲ್ಲ, ಅವರ ಮನ್ಯಾಗ! ನಾನೂ... ನಾನೂ ಅಲ್ಲೇ ಇರ್ತೀನಿ!"

ಚಾವಡಿಯ ಮಾಳಿಗೆ ಹಾರುವಂತೆ ನಗೆ ಎದ್ದಿತು. ಹುಚ್ಚೀರಪ್ಪ ಕೂಡ ಮೀಸೆ ತಿರುವುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ. ಮುದಕಪ್ಪ ಮಗಳನ್ನೂ ಆ ಹುಡುಗನನ್ನೂ ಬಹಳ ಹೊತ್ತು ನೋಡಿದ.

"ಬರಕೋರಿ... ಠರಾವು ಪಾಸಾತು," ಎಂದ ನಿಧಾನವಾಗಿ. "ಇನ್ನೊಂದು ವಿಷಯ ಮನ್ಯಾಗ ಮಾತಾಡೂಣು."

ಜನ ಕರಗಿದರು. ಚಾವಡಿಯ ಮೆಟ್ಟಿಲ ಮೇಲೆ ಅವರಿಬ್ಬರೇ ಉಳಿದರು.

"ನಿಮಗ ಮೋಸಗಾರ ಅಂದೆ..." ಅವಳ ದನಿ ಒದ್ದೆಯಾಗಿತ್ತು.

"ಅದನ್ನ ತಡಕೊಂಡಿದ್ದೆ. ಕಣ್ಣ ಮುಂದ ಬರಬ್ಯಾಡ ಅಂದ್ರಲ್ಲಾ, ಅದನ್ನ ತಡಕೊಳ್ಳಾಕ ಆಗಲಿಲ್ಲ. ಈ ಊರಾಗ ಇದ್ದು, ನಿಮ್ಮನ್ನ ನೋಡದ ಹ್ಯಾಂಗ ಇರಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅರ್ಜಿ?"

"ನಾಳೆ ಗದಗಿಗೆ ಹೋಗಿ ವಾಪಸ್ ತಗೋತೀನಿ."

"ನಾಳೆ ಆಗೂದಿಲ್ಲ. ಚಾವಡಿಗೆ ಸುಣ್ಣಾ ಬಳೀಬೇಕು."

"ಮತ್ತ ಯಾವಾಗ ಹೋಗ್ಲಿ, ಬಾಯಾರ?"

"ನಾಡದ ಹೋಗೂಣು," ಎಂದಳು ಗದಿಗೆವ್ವ. "ಇಬ್ರೂ..."