ಸೊಟ್ಟ ಗಿಳಿಯ ಟಾರ್ಚು

ಅಣ್ಣನನ್ನು ಪೊಲೀಸರು ಜೀಪು ಹತ್ತಿಸಿದ ಕೂಡಲೇ ಗುಬ್ಬಿ ಬಿದ್ದಂಬೀಳ ಓಡಿದ್ದು ದೊಡ್ಡಮ್ಮನ ಮನೆಗೆ. ಪೊಲೀಸ್ ಇಲಾಖೆಯ ಬೆರಳುಮುದ್ರೆ ವಿಭಾಗದಿಂದ ನಿವೃತ್ತಳಾದ ಮೇಲೂ ದೊಡ್ಡಮ್ಮನಿಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಅವಳು ಬಿಡಿಸಿದ ಒಗಟುಗಳಲ್ಲೆಲ್ಲ ಚೀಲ ಹೊತ್ತು ಹಿಂದೆ ತಿರುಗಿದವಳು ಗುಬ್ಬಿಯೇ. ಆದರೆ ಈ ಸಲ ಬೆಂಕಿ ಬಿದ್ದಿದ್ದು ಸ್ವಂತ ಮನೆಗೆ.

"ದೊಡ್ಡಮ್ಮ, ಕೊಲೆ ಅಂತೆ! ಅಣ್ಣನೇ ಮಾಡಿದ್ದು ಅಂತಾರೆ!"

"ಮೊದಲು ನೀರು ಕುಡಿ. ಆಮೇಲೆ ತಲೆಬುಡ ಸರಿಯಾಗಿ ಹೇಳು."

ಅಣ್ಣ ತಂಗಿ ಇಬ್ಬರಿಗೂ ಟಾರ್ಚ್ ಕಾರ್ಖಾನೆಯಲ್ಲಿ ಕೆಲಸ. ಅವನು ನೆಲಮಾಳಿಗೆಯ ಗೋದಾಮು ನೋಡಿಕೊಳ್ಳುತ್ತಿದ್ದ, ಅವಳು ಟಾರ್ಚಿಗೆ ಗುರುತು ಒತ್ತುತ್ತಿದ್ದಳು. ಟಾರ್ಚೆಲ್ಲ ಒಂದೇ, ಗುರುತು ಮಾತ್ರ ಬೇರೆ. ರೇಡಿಯೊಗೆ ಹೆಸರಾದ ಕಂಪನಿ ತನ್ನ ಗಿಳಿ ಗುರುತನ್ನು ಎರವಲು ಕೊಟ್ಟಿತ್ತು, ಟೀವಿಗೆ ಹೆಸರಾದದ್ದು ಮೀನನ್ನು. ಗಿಳಿ ಕೂತರೆ ಬೆಲೆ ಹೆಚ್ಚು. ಒಂದೇ ತಾಯಿಯ ಮಕ್ಕಳಿಗೆ ಬೇರೆ ಬೇರೆ ಮನೆತನದ ಹೆಸರಿಟ್ಟ ಹಾಗೆ!

ಆ ರೇಡಿಯೊ ಕಂಪನಿಯಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಊಟದ ಹೊತ್ತಿನಲ್ಲಿ ಗೋದಾಮಿನಲ್ಲಿ ಹೆಣವಾಗಿ ಸಿಕ್ಕಿದ್ದರು. ತಲೆಗೆ ಪೆಟ್ಟು ಬಿದ್ದಿತ್ತು. ಪಕ್ಕದಲ್ಲೊಂದು ಗಿಳಿ ಟಾರ್ಚು ಉರಿಯುತ್ತಲೇ ಬಿದ್ದಿತ್ತು. ಬಾಗಿಲ ಬಳಿಯ ಮೊಳೆಯಲ್ಲಿ ಬೀಗದ ಕೈ ಜೊತೆ ಅಣ್ಣ ತನ್ನ ಗಿಳಿ ಟಾರ್ಚನ್ನು ತೂಗುಹಾಕುವುದು ಎಲ್ಲರಿಗೂ ಗೊತ್ತು. ಈಗ ಆ ಮೊಳೆ ಖಾಲಿ. ಸಾಲದ್ದಕ್ಕೆ ಬೆಳಿಗ್ಗೆ ತಪಾಸಣೆಯವರ ಜೊತೆ ಜಗಳ ಬೇರೆ ಆಡಿದ್ದ.

ಗುಬ್ಬಿ ಚೀಲ ಬಿಚ್ಚಿ ಒಂದು ಟಾರ್ಚು ಹೊರತೆಗೆದಳು.

"ಅಣ್ಣನ ಟಾರ್ಚು ಇದು. ಮನೆ ಮೆಟ್ಟಿಲ ದೀಪ ಹೋಗಿದೆಯಲ್ಲ, ಅದಕ್ಕೇ ಬೆಳಿಗ್ಗೆ ಹೇಳದೆ ಕೇಳದೆ ತಗೊಂಡಿದ್ದೆ. ಈಗ ಹೇಳಿದ್ರೆ ಯಾರು ನಂಬ್ತಾರೆ? ಕಾರ್ಖಾನೆ ತುಂಬ ಇಂಥವೇ. ಒಡಹುಟ್ಟಿದವನಿಗೋಸ್ಕರ ಸುಳ್ಳು ಹೇಳ್ತಾಳೆ ಅಂತಾರೆ."

ದೊಡ್ಡಮ್ಮ ಅದನ್ನು ತಿರುಗಿಸಿ ನೋಡಿದಳು. "ಗಿಳಿ ಯಾಕೆ ಸೊಟ್ಟಗಿದೆ?"

"ಒತ್ತುವಾಗ ಜಾರಿದ್ದು. ಮಾರೋಕೆ ಬರಲ್ಲ, ಆದ್ರೆ ಉರಿಯೋದು ಚೆನ್ನಾಗೇ ಉರಿಯುತ್ತೆ. ಬುಟ್ಟಿಗೆ ಹಾಕ್ತೀವಿ, ಬೇಕಾದವರು ತಗೋತಾರೆ. ನೆಟ್ಟಗಿರೋದನ್ನ ನಮ್ಮಲ್ಲಿ ಯಾರೂ ಮುಟ್ಟಲ್ಲ."

ಮರುದಿನ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಹೆಣದ ಪಕ್ಕ ಸಿಕ್ಕ ಟಾರ್ಚನ್ನು ತೋರಿಸಿದರು. ದೊಡ್ಡಮ್ಮನ ಮೇಲೆ ಅವರಿಗೆ ಹಳೆಯ ಗೌರವ. ಆ ಟಾರ್ಚಿನಲ್ಲಿ ಗಿಳಿ ನೆಟ್ಟಗೆ ಕೂತಿತ್ತು. ಆಮೇಲೆ ದೊಡ್ಡಮ್ಮ ಮ್ಯಾನೇಜರ್ ಕೋಣೆಯಲ್ಲಿ ಗಿಳಿ ಟಾರ್ಚು ಜೋಡಿಸಿಟ್ಟ ಗಾಜಿನ ಕಪಾಟಿನ ಮುಂದೆ ಬಹಳ ಹೊತ್ತು ನಿಂತಳು.

"ಇವು ಬಂದವರಿಗೆ ಹತ್ತಿಸಿ ತೋರಿಸೋ ಮಾಲು," ಎಂದ ಮ್ಯಾನೇಜರ್ ಹೆಮ್ಮೆಯಿಂದ. "ದಿನಾ ಬೆಳಿಗ್ಗೆ ನಾನೇ ಪರೀಕ್ಷೆ ಮಾಡ್ತೀನಿ. ಕೀಲಿ ಬೇರೆಯವರಿಗೆ ಕೊಡಲ್ಲ."

ದೊಡ್ಡಮ್ಮ ಇನ್ಸ್‌ಪೆಕ್ಟರರ ಕಿವಿಯಲ್ಲಿ ಏನೋ ಉಸುರಿದಳು. ಅವರು ಕಪಾಟು ತೆರೆಸಿ ಒಂದು ಟಾರ್ಚು ತೆಗೆದುಕೊಂಡು, ಎಲ್ಲರನ್ನೂ ಗೋದಾಮಿಗೆ ಕರೆದರು. ಬೇಡಿ ಹಾಕಿದ ಅಣ್ಣನನ್ನೂ ಕರೆತಂದರು. ಕಿಟಕಿಯಿಲ್ಲದ ಕೋಣೆಯಲ್ಲಿ ಇದ್ದದ್ದು ಒಂದೇ ಬಲ್ಬು. ದೊಡ್ಡಮ್ಮ ಹೇಳದೆ ಕೇಳದೆ ಅದನ್ನು ಆರಿಸಿಬಿಟ್ಟಳು.

ಹಗಲಲ್ಲೇ ಗವ್ವೆನ್ನುವ ಕತ್ತಲು. ಕೊಲೆಗಾರ ಇದೇ ಕೋಣೆಯಲ್ಲಿ, ಬಹುಶಃ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಉಸಿರಾಡುತ್ತಿದ್ದಾನೆ ಎನಿಸಿದ್ದೇ ಗುಬ್ಬಿ ದೊಡ್ಡಮ್ಮನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೆದರಬೇಡಿ," ಎಂದಳು ದೊಡ್ಡಮ್ಮ. "ಕಪಾಟಿನ ಟಾರ್ಚು ನನ್ನ ಕೈಲಿದೆ. ಹತ್ತಿಸ್ತೀನಿ."

"ಅದು ಹತ್ತಲ್ಲ!" ಮ್ಯಾನೇಜರ್ ದನಿ ಕೀರಲಾಗಿತ್ತು. "ಬಲ್ಬ್ ಹಾಕಿ ಮೊದಲು!"

ಟಕ್ ಎಂದು ಸದ್ದಾಯಿತು. ಬೆಳಕು ನೇರವಾಗಿ ಮ್ಯಾನೇಜರ್ ಮುಖದ ಮೇಲೆ ಬಿತ್ತು. ಅವನ ಮುಖ ಬಿಳಿಚಿಕೊಂಡಿತ್ತು.

"ಹತ್ತಿತಲ್ಲ! ನೀವೇ ದಿನಾ ಪರೀಕ್ಷೆ ಮಾಡೋ ಟಾರ್ಚು ಹತ್ತಲ್ಲ ಅಂತ ಹೇಗನ್ನಿಸ್ತು?"

ದೊಡ್ಡಮ್ಮ ಬಲ್ಬು ಹಾಕಿ ಒಂದೊಂದಾಗಿ ಬಿಡಿಸಿದಳು.

"ಕಂಪನಿ ಒಪ್ಪಿದ್ದಕ್ಕಿಂತ ಹೆಚ್ಚಾಗಿ ಗಿಳಿ ಒತ್ತಿಸಿದ ಪೆಟ್ಟಿಗೆಗಳು ನೋಡಿ, ಇಲ್ಲೇ ಇವೆ, ಒತ್ತಿಸಿದ್ದು ಇವರು. ತಪಾಸಣೆಯವರು ಅವನ್ನ ಕಂಡುಬಿಟ್ರು. ಹೆಸರು ಎರವಲು ಕೊಟ್ಟವರು ಹೆಸರನ್ನ ವಾಪಸ್ ತಗೊಂಡ್ರೆ ಇವರ ಗತಿ ಮುಗೀತು. ಅದಕ್ಕೇ ತಲೆಗೆ ಹೊಡೆದ್ರು. ಗೋದಾಮಿನವನ ಮೇಲೆ ಗೂಬೆ ಕೂರಿಸೋಣ ಅಂತ ಅವನ ಟಾರ್ಚಿಗೆ ಹೋದ್ರೆ ಮೊಳೆ ಖಾಲಿ! ಹೊರಗೆ ಬುಟ್ಟಿ ತುಂಬ ಸೊಟ್ಟ ಗಿಳಿಗಳಿದ್ವು. ಆದ್ರೆ ಇವರು ಒತ್ತೋ ಕೆಲಸ ಯಾವತ್ತೂ ನಿಂತು ನೋಡಿದವರಲ್ಲ, ಬುಟ್ಟೀಲಿರೋದು ಉರಿಯದ ಕೆಟ್ಟ ಮಾಲು ಅಂದ್ಕೊಂಡ್ರು. ಹೆಣದ ಪಕ್ಕ ಉರಿಯೋ ಟಾರ್ಚೇ ಬೇಕಿತ್ತು, ಕಪಾಟಿಂದ ತಂದಿಟ್ರು. ಕಪಾಟಿನ ಜಾಗ ತುಂಬೋಕೆ ಬುಟ್ಟೀದು ಸಾಕು ಅಂದ್ಕೊಂಡ್ರು. ಕಾರ್ಖಾನೆಯವರು ಮುಟ್ಟದ ನೆಟ್ಟ ಗಿಳಿ ಹೆಣದ ಹತ್ರ, ಸೊಟ್ಟ ಗಿಳಿ ಬೀಗದ ಕಪಾಟಿನಲ್ಲಿ. ಅದನ್ನ ಕಂಡಾಗಲೇ ನನಗೆ ಗೊತ್ತಾಯ್ತು, ಈಗ ಹತ್ತಿಸಿದ್ದೂ ಅದನ್ನೇ. ಹೆಸರು ಮಾರಿ ಮಾರಿ, ಹೆಸರು ಕೆಟ್ರೆ ಟಾರ್ಚೂ ಕೆಡುತ್ತೆ ಅಂತ ಇವರೇ ನಂಬಿಬಿಟ್ಟಿದ್ರು."

"ಎಷ್ಟು ಬೇಡಿಕೊಂಡ್ರೂ ಆ ತಪಾಸಣೆಯವರು ನನ್ನ ಒಂದು ಮಾತೂ ಕೇಳಲಿಲ್ಲ," ಎಂದು ಮ್ಯಾನೇಜರ್ ಗೊಣಗಿ ಅಲ್ಲೇ ಕುಸಿದು ಕೂತ. ಅಣ್ಣನ ಬೇಡಿ ಅವನ ಕೈಗೆ ಬಿತ್ತು.

ಆ ಸಂಜೆ ಮೂವರೂ ಮನೆಗೆ ಬಂದಾಗ, ಕತ್ತಲ ಮೆಟ್ಟಿಲ ಬುಡದಲ್ಲಿ ಗುಬ್ಬಿಗೆ ಅಳು ಒತ್ತರಿಸಿ ಬಂತು. "ನಾನು ಟಾರ್ಚ್ ತಗೊಳ್ಳದೆ ಇದ್ದಿದ್ರೆ ಅಣ್ಣ ಇಷ್ಟೆಲ್ಲ ಅನುಭವಿಸ್ತಿರ್ಲಿಲ್ಲ, ಅಲ್ವಾ?"

"ಹುಚ್ಚಿ! ತಗೊಳ್ಳದೆ ಇದ್ದಿದ್ರೆ ಹೆಣದ ಪಕ್ಕ ಸಿಗ್ತಿದ್ದಿದ್ದು ಅವನ ಸ್ವಂತ ಟಾರ್ಚೇ. ಆಗ ನನ್ನ ಕೈಲೂ ಏನೂ ಆಗ್ತಿರ್ಲಿಲ್ಲ."

ಎಷ್ಟು ಸ್ವಲ್ಪದರಲ್ಲಿ ತಪ್ಪಿತು ಎಂಬುದು ಗುಬ್ಬಿಗೆ ಹೊಳೆದದ್ದೇ ಆಗ. ಅವಳು ಅಲ್ಲೇ ಕೂತುಬಿಟ್ಟಳು. ಅಣ್ಣ ಅವಳ ಚೀಲದಿಂದ ಸೊಟ್ಟ ಗಿಳಿಯ ಟಾರ್ಚು ತೆಗೆದು ಹತ್ತಿಸಿ, ಇನ್ನೊಂದು ಕೈಯನ್ನು ಅವಳತ್ತ ಚಾಚಿದ.

"ಏಳು, ಹಸಿವಾಗ್ತಿದೆ," ಎಂದ.