ಹಳದಿ ಅಂಚಿಲ್ಲದ ನೀಲಿ ಹುಳು

"ಮುಟ್ಬೇಡಿ ಅದನ್ನ!"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಅವಳ ಕೈಯಲ್ಲಿದ್ದ ಸ್ಪಿರಿಟ್ ಬಾಟಲಿ ಜಾರುವುದರಲ್ಲಿತ್ತು. ಎದುರಿಗೆ ನಿಂತವನ ತಲೆಯಿಂದ ಇನ್ನೂ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಕೆಂಪಗೆ ಉರಿಯುತ್ತಿತ್ತು. ಹೊರಗಿನ ಕೌಂಟರಿನಲ್ಲಿ ಹುಳುವಿನ ಡಬ್ಬಿ ಕೊಟ್ಟು ಹೋದ ಮುಳುಗುಗಾರ ಇವನೇ ಇರಬೇಕು.

"ಹೆಸರು ಕೇಳೋಕೆ ತಂದಿದ್ದು ರೀ, ಕೊಲ್ಲಿಸೋಕಲ್ಲ!"

"ಹೆಸರು ಆಕಾಶದಿಂದ ಉದುರಲ್ಲ. ಕೊಯ್ದು ನೋಡ್ಬೇಕು. ನಿಮಗೆ ಹುಳ ಬೇಕಾ, ಹೆಸರು ಬೇಕಾ?"

"ಎರಡೂ ಬೇಕು."

"ಇದೇನು ಅಂಗಡೀನಾ?"

ಅವನು ಡಬ್ಬಿಗೆ ಕೈ ಅಡ್ಡ ಹಿಡಿದ. ಆಮೇಲೆ ಸಣ್ಣ ದನಿಯಲ್ಲಿ, "ಇವತ್ತೊಂದಿನ ಬದುಕಿರ್ಲಿ ಬಿಡಿ ಮೇಡಂ..." ಅಂದ.

ಅಷ್ಟು ದೊಡ್ಡ ಆಳು ಬೆರಳುದ್ದದ ಹುಳುವಿಗಾಗಿ ಬೇಡಿಕೊಳ್ಳುವುದನ್ನು ಅವಳು ಎಂದೂ ಕಂಡಿರಲಿಲ್ಲ.

ಸಮುದ್ರದಿಂದ ಬಂದ ಜೀವಿಗಳನ್ನು ಗುರುತಿಸಿ ಹೆಸರು ಬರೆದಿಡುವುದು ಅವಳ ಕೆಲಸ. ಕಚೇರಿಯವರೆಲ್ಲ ಹಿಂದಿನಿಂದ 'ಹುಳದ ಮೇಡಂ' ಅನ್ನುತ್ತಿದ್ದರು. ಕೆಲವರು ಮುಂದೆಯೇ ಅನ್ನುತ್ತಿದ್ದರು. ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಚಿಪ್ಪಿಲ್ಲದ ಬಸವನಹುಳುವಿನಂಥ ಪ್ರಾಣಿ. ನೀಲಿ ಮೈ, ಬೆನ್ನುದ್ದಕ್ಕೂ ಕಪ್ಪು ಗೆರೆ, ತಲೆಯ ಮೇಲೆ ಎರಡು ಪುಟ್ಟ ಕೋಡು. ಇಂಥದ್ದು ಎಷ್ಟೋ ನೋಡಿದ್ದಳು. ಆದರೆ ನೋಡಿದ್ದಕ್ಕೆಲ್ಲ ಮೈಸುತ್ತ ಹಳದಿ ಅಂಚಿತ್ತು. ಇದಕ್ಕಿಲ್ಲ!

ಅವಳು ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಎಲ್ಲಿ ಸಿಕ್ತು?"

"ಅವರು ಅಗೀತೀವಿ ಅಂತಾರಲ್ಲ... ಆ ದಿಬ್ಬದಲ್ಲಿ."

ಅವಳಿಗೆ ಎಲ್ಲ ಅರ್ಥವಾಯಿತು. ಬಂದರಿಗೆ ದೊಡ್ಡ ಹಡಗು ಬರಬೇಕೆಂದು ಹವಳದ ದಿಬ್ಬವನ್ನು ಅಗೆದು ದಾರಿ ಮಾಡುವವರಿದ್ದರು. ಬೇರೆಲ್ಲೂ ಇಲ್ಲದ ಜೀವಿ ಒಂದಾದರೂ ಅಲ್ಲಿದ್ದರೆ ಅಗೆತ ನಿಲ್ಲುತ್ತದೆ. ಇದ್ದರೆ ಹೇಳಿ ಎಂದು ಸರ್ಕಾರ ಅವಳ ಕಚೇರಿಯನ್ನೇ ಕೇಳಿತ್ತು. ಅರ್ಧ ದಿಬ್ಬ ಆಗಲೇ ನೀರು ಬಿಸಿಯಾಗಿ ಬೆಳ್ಳಗೆ ಸತ್ತಿತ್ತು. ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಉಳಿದರ್ಧವನ್ನು ತೋರಿಸಿ ಈ ಮನುಷ್ಯ ಬದುಕುತ್ತಿದ್ದ.

"ಹೊಸ ಜಾತಿ ಇರಬಹುದು," ಅಂದಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಇರಬಹುದು ಅಂದೆ. ಅಷ್ಟೇ!"

ಅವನು ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡಿದ್ದ. ಆಸೆ ಹೊತ್ತವರ ಕಿವಿಯೇ ಹಾಗೆ, ದರಿದ್ರದ್ದು.

ಅಂದಿನಿಂದ ಅವನು ಮುಳುಗಿ ಎದ್ದಾಗಲೆಲ್ಲ ನೇರ ಅವಳ ಮೇಜಿಗೆ ಬಂದ. ನೆಲವೆಲ್ಲ ಒದ್ದೆ. ಗುಡಿಸುವ ಅಜ್ಜಿ, "ಈ ಮೀನನ್ನ ಹೊರಗೆ ಒಣಗಿಸಿ ಆಮೇಲೆ ಒಳಗೆ ಬಿಡ್ರಮ್ಮಾ" ಎಂದು ಬೈದಳು. ಸ್ಪಿರಿಟ್‌ಗೆ ಹಾಕಿದರೆ ಹುಳುವಿನ ಬಣ್ಣವೆಲ್ಲ ಹೋಗಿ ಬೇಯಿಸಿದ ಬೆಳ್ಳುಳ್ಳಿಯಂತಾಗುತ್ತದೆ. ಹಾಗಾಗಿ ಬದುಕಿರುವಾಗಲೇ ಚಿತ್ರ ತೆಗೆಯಬೇಕಿತ್ತು. ಅವನು ದೀಪ ಹಿಡಿದ, ಅವಳು ತೆಗೆದಳು. ತಲೆಗೆ ತಲೆ ತಾಗಿತು. ಇಬ್ಬರೂ 'ಸಾರಿ' ಅಂದರು. ಇಬ್ಬರೂ ಸರಿಯಲಿಲ್ಲ.

"ಇದು ಗಂಡಾ, ಹೆಣ್ಣಾ?"

"ಎರಡೂ. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು."

ಅವನು ಗಂಭೀರವಾಗಿ ಯೋಚಿಸಿದ. "ಹಂಗಾದ್ರೆ ಜಗಳ ಆದಾಗ ತವರಿಗೆ ಹೋಗೋದು ಯಾರು?"

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಕೋಣೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಮೂಗು ಹಿಡಿದಳು. "ಮೊದ್ಲು ಬರೀ ಸ್ಪಿರಿಟ್ ವಾಸನೆ ಬರ್ತಿತ್ತು. ಈಗ ಉಪ್ಪುನೀರಿನ ವಾಸನೆನೂ ಸೇರ್ಕೊಂಡಿದೆ. ಯಾರೇ ಅದು?"

"ಹುಳ ಅತ್ತಿಗೆ."

"ಎಷ್ಟು ಎತ್ತರ ಇದ್ದಾನೆ ಹುಳ?"

ಅವಳು ನೇರ ಕೋಣೆ ಸೇರಿಕೊಂಡಳು. 'ಬೇಡ... ಇದೆಲ್ಲ ಬೇಡ. ಆ ಹುಳು ಹೊಸದಲ್ಲದಿದ್ದರೆ?'

ಒಂದು ದಿನ ಹುಳು ತಾನಾಗಿಯೇ ಸತ್ತಿತು. ಇನ್ನು ಕಾಯುವಂತಿರಲಿಲ್ಲ. ಅವಳು ಕೊಯ್ದು, ಬಾಯಿಯ ಭಾಗವನ್ನು ಬ್ಲೀಚಿನಲ್ಲಿ ಹಾಕಿದಳು. ಮಾಂಸವೆಲ್ಲ ಕರಗಿ ನಾಲಿಗೆಯ ಮೇಲಿನ ಹಲ್ಲಿನ ಪಟ್ಟಿ ಮಾತ್ರ ಉಳಿಯಿತು. ಬಣ್ಣ ಮೋಸ ಮಾಡಬಹುದು, ಹಲ್ಲು ಅಷ್ಟು ಸುಲಭವಾಗಿ ಮಾಡುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಹಳದಿ ಅಂಚಿನ ಹುಳುವಿನ ಹಲ್ಲು ತೆಗೆದು ಪಕ್ಕಕ್ಕಿಟ್ಟು ನೋಡಿದಳು. ಮತ್ತೆ ನೋಡಿದಳು.

ಒಂದೇ. ಅದೇ ಹಳೆಯ ಜಾತಿ. ಬಿಸಿ ಕಡಲುಗಳಲ್ಲೆಲ್ಲ ಸಿಗುವಂಥದ್ದು.

'ಇದನ್ನ ನಾನೇ ಹೇಳಬೇಕಾ ಅವನಿಗೆ?'

ಹೇಳಲು ಕಚೇರಿಯ ಮೆಟ್ಟಿಲಿಗೆ ಬಂದಳು. ಅವನು ಎದುರಿಗೆ ಬರುತ್ತಿದ್ದ. ಅದೇ ಹೊತ್ತಿಗೆ ಅವಳ ಅಣ್ಣ ಬೈಕ್ ನಿಲ್ಲಿಸಿ, ಅವಳು ಮನೆಯಲ್ಲಿ ಮರೆತು ಬಂದಿದ್ದ ಊಟದ ಡಬ್ಬಿ ಕೊಟ್ಟು ಹೋದ. ಅಣ್ಣನ ಅಂಗಿಯ ಮೇಲೆ ಬಂದರು ಕಂಪನಿಯ ಗುರುತಿತ್ತು.

"ಯಾರದು?"

"ನಮ್ಮಣ್ಣ. ಬಂದರಿನಲ್ಲಿ ಕ್ರೇನ್ ಓಡಿಸ್ತಾನೆ. ನೋಡಿ... ಹಲ್ಲಿನ ಪರೀಕ್ಷೆ ಮುಗೀತು. ಅದು ಹೊಸ ಜಾತಿ ಅಲ್ಲ."

ಅವನು ಮೆಟ್ಟಿಲ ಮೇಲೇ ನಿಂತುಬಿಟ್ಟ. ಊಟದ ಡಬ್ಬಿ ನೋಡಿದ. ಅವಳನ್ನು ನೋಡಿದ.

"ಓಹೋ. ಮನೆಗೆ ಅನ್ನ ಎಲ್ಲಿಂದ ಬರತ್ತೆ ಅಂತ ಮೊದ್ಲೇ ಹೇಳಿದ್ರೆ ನಾನು ಈ ಮೆಟ್ಟಿಲೇ ಹತ್ತುತ್ತಿರಲಿಲ್ಲ."

"ಏನಂದ್ರಿ?"

"ಕೇಳಿಸ್ತಲ್ಲ!"

ಹೋಗಿಯೇಬಿಟ್ಟ. ಮಾತನ್ನು ಬಾಯಿಂದ ಎಸೆದು ಬೆನ್ನು ತಿರುಗಿಸುವ ಗಂಡಸರಿಗೆ ಎರಡು ಬಾರಿಸಬೇಕು. ಆದರೆ ಅವಳು ಬಾರಿಸುವ ಜಾತಿಯವಳಲ್ಲ. ಡಬ್ಬಿ ಹಿಡಿದು ಅಲ್ಲೇ ನಿಂತಳು.

ಆಮೇಲೆ ಅವನು ಬರಲಿಲ್ಲ. ಹುಳದ ಮೇಡಂ ತನ್ನನ್ನು ಬಂದರು ಕಂಪನಿಗೆ ಮಾರಿಕೊಂಡಳು ಎಂದು ದೋಣಿಕಟ್ಟೆಯಲ್ಲೆಲ್ಲ ಹೇಳುತ್ತಿದ್ದಾನೆಂದು ಗುಡಿಸುವ ಅಜ್ಜಿ ಸುದ್ದಿ ತಂದಳು.

"ನಾಳೆ ದಿಬ್ಬದ ವರದಿ ಹೋಗ್ಬೇಕಮ್ಮ," ಎಂದರು ಮೇಲಧಿಕಾರಿ.

ಅವಳು ಬರೆಯಲು ಕೂತಳು. 'ಸಂದೇಹವಿದೆ, ಇನ್ನಷ್ಟು ಪರೀಕ್ಷೆ ಬೇಕು' ಎಂದರೆ ಸಾಕು. ಅಗೆತ ಒಂದು ವರ್ಷವಾದರೂ ಮುಂದೆ ಹೋಗುತ್ತದೆ. ಅವನಿಗೆ ಒಂದು ವರ್ಷ. ಸಂದೇಹ ಮಾತ್ರ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಹುಳುವಿನ ಬಗ್ಗೆಯೂ ಸುಳ್ಳು ಬರೆದವಳಲ್ಲ.

'ಬೈದವನಿಗೋಸ್ಕರ ಬರೀತೀಯೇನೇ, ಮರ್ಯಾದೆಗೆಟ್ಟವಳೇ?' ಎಂದು ತನ್ನನ್ನೇ ಕೇಳಿಕೊಂಡಳು.

ಬರೆದಳು.

ಮರುದಿನ ಬೆಳಿಗ್ಗೆ ವರದಿ ಹಿಡಿದು ಮೇಲಧಿಕಾರಿಯ ಸಹಿಗೆ ಹೊರಟವಳ ದಾರಿಗೆ ಅವನು ಅಡ್ಡ ನಿಂತಿದ್ದ. ಕೈಯಲ್ಲಿ ಕ್ಯಾಮೆರಾ. ಮುಖ ಬಾಡಿ ಹೋಗಿತ್ತು.

"ಇದನ್ನ ನೋಡಿ. ಆಮೇಲೆ ಬೇಕಾದ್ರೆ ಕಪಾಳಕ್ಕೆ ಹೊಡೀರಿ."

ಅವಳು ನೋಡಿದಳು. ಹಳದಿ ಅಂಚಿನದೊಂದು, ಅಂಚಿಲ್ಲದ್ದೊಂದು. ಬಲಪಕ್ಕಕ್ಕೆ ಬಲಪಕ್ಕ ಒತ್ತಿಕೊಂಡು ಕೂಡಿದ್ದವು. ಪಕ್ಕದಲ್ಲಿ ರಿಬ್ಬನ್ ಸುತ್ತಿಟ್ಟಂತೆ ಮೊಟ್ಟೆಯ ಸುರುಳಿ. ಮುಂದಿನ ಚಿತ್ರದಲ್ಲಿ ಅಂಥದ್ದೇ ಇನ್ನೊಂದು ಜೋಡಿ.

"ಕೂಡಿ ಮೊಟ್ಟೆ ಇಡ್ತಾವೆ ಅಂದ್ರೆ ಒಂದೇ ಜಾತಿ ಅಲ್ವಾ?" ಅವನು ಕೇಳಿದ. "ನೀವು ಹೇಳಿದ್ದೇ ನಿಜ... ಅಲ್ವಾ?"

"ಯಾಕೆ ತಂದ್ರಿ ಇದನ್ನ? ಅಳಿಸಿಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ!"

"ಅಳಿಸೋಣ ಅಂತ ಬೆರಳಿಟ್ಟಿದ್ದೆ. ನಿಮ್ಮ ಮುಖ ಎದುರಿಗೆ ಬಂತು. ನಿಮ್ಮನ್ನ ಸುಳ್ಳಿ ಅಂತ ಊರಿಗೆಲ್ಲ ಸಾರಿದ್ದೀನಿ... ನಿಜ ಕೈಯಲ್ಲಿಟ್ಕೊಂಡು ಸುಮ್ನಿದ್ರೆ ನಾನೇನಾಗ್ತೀನಿ?"

ಅವಳು ವರದಿಯನ್ನು ಅವನ ಮುಂದೆ ಹಿಡಿದಳು. ಅವನು ಓದಿದ. ಒಂದು ಸಾಲಿನ ಮೇಲೆ ಬೆರಳಿಟ್ಟ.

"ಸಂದೇಹ ಇದೆಯಾ ನಿಮಗೆ?"

"ಇಲ್ಲ."

"ಮತ್ತೆ?... ನನಗೋಸ್ಕರಾನಾ?"

"ದಿಬ್ಬಕ್ಕೋಸ್ಕರ." ಅವಳು ಮುಖ ತಿರುಗಿಸಿದಳು. ಕಣ್ಣು ತುಂಬಿ ಬಂತು. "ಅಲ್ಲ. ನಿಮಗೋಸ್ಕರಾನೇ. ನಿಮ್ಮಂಥ ಒರಟನ ಮೇಲೆ ನನಗೆ ಪ್ರೀತಿ ಹುಟ್ಟಿತು, ಏನ್ಮಾಡ್ಲಿ!"

ಅವನು ಗೋಡೆಗೆ ಒರಗಿದ.

"ಹೊಡೆದು ಹಾಕು ಆ ಸಾಲನ್ನ."

'ಹಾಕು' ಅಂದಿದ್ದ. 'ಹಾಕಿ' ಅಲ್ಲ.

"ಹೊಡೆದ್ರೆ ಮುಗೀತು. ತಿಳೀತಾ? ಮುಂದಿನ ತಿಂಗಳೇ ಯಂತ್ರ ಬರತ್ತೆ!"

"ಹೊಡೀದಿದ್ರೆ ಅವರು ಬೇರೆಯವರ ಕೈಲಿ ಇನ್ನೊಂದು ಹುಳ ಕೊಯ್ಯಿಸ್ತಾರೆ. ಅವತ್ತು ನಿನ್ನ ಮಾತಿಗೆ ಬೆಲೆ ಇರಲ್ಲ. ದಿಬ್ಬ ಆಗಲೂ ಹೋಗತ್ತೆ. ಅದರ ಜೊತೆ ನಿನ್ನನ್ನೂ ಹಾಳು ಮಾಡಿದೆ ಅಂತ... ಅದನ್ನ ಹೊತ್ಕೊಂಡು ನಾನು ಬದುಕಲಾರೆ ಕಣೇ."

ಅವಳು ಮೇಜಿಗೆ ಹೋದಳು. ಆ ಸಾಲನ್ನು ಹೊಡೆದು ಹಾಕಿದಳು. ಹುಳುವಿನ ನಿಜವಾದ ಹೆಸರನ್ನು ಬಿಡಿಸಿ ಬರೆದಳು. ಮೇಲಧಿಕಾರಿ ಸಹಿ ಹಾಕಿ, "ಅಚ್ಚುಕಟ್ಟಾಗಿದೆ" ಎಂದರು. ಒಂದು ದಿಬ್ಬದ ಸಾವು ಅಷ್ಟು ಅಚ್ಚುಕಟ್ಟಾಗಿ ಮುಗಿಯಿತು.

ಹೊರಬಂದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಅಳುತ್ತಿದ್ದ, ನಾಚಿಕೆಯಿಲ್ಲದೆ. ಅವಳು ಪಕ್ಕದಲ್ಲಿ ಕೂತು ಅವನ ಒರಟು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಹೋಗಿ ಬರುವವರು ನೋಡಿದರು. ನೋಡಲಿ!

"ಇನ್ನು ನಾನು ಯಾರಿಗೂ ಏನೂ ತೋರಿಸೋಕಾಗಲ್ಲ," ಅಂದ.

"ಗೊತ್ತು."

"ನಾಳೆ ದೋಣಿ ಇಳಿಸ್ತೀನಿ. ಬರ್ತೀಯಾ?"

"ಏನ್ಮಾಡೋಕೆ?"

"ಏನೂ ಇಲ್ಲ. ಇರೋತನಕ ನೋಡೋಣ ಅಂತ."

"ಆಮೇಲೆ?"

ಅವನು ಕಡಲಿನ ಕಡೆ ನೋಡಿದ. ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಗೊತ್ತಿಲ್ಲ ಕಣೇ."

"ನನಗೂ ಗೊತ್ತಿಲ್ಲ," ಎಂದು ಅವಳು ಅವನ ಭುಜಕ್ಕೆ ತಲೆಯಿಟ್ಟಳು. "ಬರ್ತೀನಿ."