ಕೆಂಪು ದಾರ, ಹಸಿರು ದಾರ

"ನನ್ನ ಹೊಲಿಗೆ ಮೆಷಿನ್ ತಗೊಂಡು ಹೋಗೋಕೆ ಬಂದೆ."

ಬಾಗಿಲು ತೆರೆದ ಗಂಡನ ಮುಖವನ್ನು ಅವಳು ನೋಡಲಿಲ್ಲ. ನೋಡಿದರೆ ಎಲ್ಲಿ ಅಳು ಬಂದುಬಿಡುತ್ತದೋ ಎಂಬ ಭಯ! ಅಕ್ಕನ ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದಳು. ಮೆಷಿನ್ ತಂದರೆ ಮುಗಿಯಿತು, ಅಲ್ಲಿಗೆ ಈ ಮನೆಯ ಋಣ ತೀರಿತು.

"ಬಾ..." ಎಂದ. ಗಡಿಯಾರ ರಿಪೇರಿ ಮಾಡುವ ಆ ಸಪೂರ ಬೆರಳುಗಳು ಚಿಲಕವನ್ನು ಬಿಡಲೇ ಇಲ್ಲ.

"ಬೇಗ ಆಗ್ಲಿ ಅಮ್ಮಾ!" ಹೊರಗಿನಿಂದ ಗೂಡ್ಸ್ ಆಟೋದವನು ಕೂಗಿದ.

ಮುಂದಿನ ಕೋಣೆಯಲ್ಲಿ ಮೆಷಿನ್ ಹಾಗೇ ಇತ್ತು. ಎದುರು ಗೋಡೆಯಲ್ಲಿ ಅದೇ ಡಬ್ಬಿ... ಅವಳ ಸಂಸಾರಕ್ಕೆ ಹುಳಿ ಹಿಂಡಿದ ಡಬ್ಬಿ!

ಯಾವ ಕೋಣೆಗೆ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ತೋರಿಸುವ ಆ ಡಬ್ಬಿಯನ್ನು ಅವನೇ ಮನೆಯಲ್ಲಿ ಕೂತು ಮಾಡಿದ್ದ. ಕೋಣೆಗೊಂದು ವೈರು, ವೈರಿನ ಸುತ್ತ ಬಳೆಯಂಥ ಸೆನ್ಸರ್, ಮುಂದೆ ಪುಟ್ಟ ಪರದೆ. ಅಂಗಡಿಯಲ್ಲಿ ಕೂತು ಫೋನಿನಲ್ಲೂ ನೋಡಬಹುದಿತ್ತು. ಮದುವೆಯಾದ ಹೊಸತದು. ಅವಳು ಟಾರ್ಚ್ ಹಿಡಿದು ನಿಂತಿದ್ದಳು. ಗುರುತಿಗೆಂದು ತನ್ನ ಹೊಲಿಗೆ ಡಬ್ಬದಿಂದ ದಾರ ತಂದು ವೈರುಗಳಿಗೆ ಕಟ್ಟಿದ್ದಳು. ಮುಂದಿನ ಕೋಣೆಗೆ ಕೆಂಪು, ಮಹಡಿಗೆ ಹಸಿರು.

"ಎಷ್ಟು ಚೆಂದ ಬಣ್ಣ!" ಎಂದಿದ್ದ ಅವನು. ಅವಳು ನಾಚಿ ನೀರಾಗಿದ್ದಳು.

ಆಮೇಲೊಮ್ಮೆ ಗೋಡೆಗೆ ಬಣ್ಣ ಹೊಡೆಸುವಾಗ ವೈರಿನ ಸೆನ್ಸರ್ ಬಳೆಗಳನ್ನೆಲ್ಲ ಬಿಚ್ಚಿದರು. ದಾರದ ಗುರುತು ನೋಡಿ ಅವನೊಬ್ಬನೇ ಮತ್ತೆ ಹಾಕಿದ. ಅಲ್ಲಿಂದ ಶುರುವಾಯಿತು ಗ್ರಹಚಾರ.

ಮಹಡಿಯಲ್ಲಿ ಬಾಡಿಗೆಗೆ ಒಬ್ಬ ಪಿಟೀಲು ಮೇಷ್ಟ್ರಿದ್ದರು. ಒಂದು ಸಂಜೆ ಗಂಡ ಅಂಗಡಿಯಿಂದ ಬಂದವನೇ ಫೋನನ್ನು ಅವಳ ಮುಖಕ್ಕೆ ಹಿಡಿದಿದ್ದ.

"ಮಧ್ಯಾಹ್ನ ಇಲ್ಲಿ ಬರೀ ಫ್ಯಾನ್ ತಿರುಗುತ್ತೆ. ಇಸ್ತ್ರಿ ಪೆಟ್ಟಿಗೆಯಷ್ಟು ಕರೆಂಟ್ ಓಡೋದು ಮಹಡೀಲಿ! ಮೇಷ್ಟ್ರ ಅಂಗಿ ಇಸ್ತ್ರಿ ಮಾಡೋಕೆ ದಿನಾ ಹೋಗ್ತೀಯಾ?"

"ಅಯ್ಯೋ, ನಾನು ಇಲ್ಲೇ ಹೊಲೀತಾ, ಇಸ್ತ್ರಿ ಮಾಡ್ತಾ ಇದ್ದೆ ರೀ!"

"ನೀನು ಏನು ಬೇಕಾದ್ರೂ ಹೇಳ್ತೀಯ. ಡಬ್ಬಿ ಸುಳ್ಳು ಹೇಳಲ್ಲ."

ಅಂದೇ ಅವಳು ಹೊಸಿಲು ದಾಟಿದ್ದಳು.

ಈಗ ಕೆಟ್ಟಿದೆಯೋ ಓಡುತ್ತದೋ ನೋಡೋಣವೆಂದು ಮೆಷಿನ್ನಿನ ಪ್ಲಗ್ ಸಿಕ್ಕಿಸಿ ಪೆಡಲ್ ಒತ್ತಿದಳು. ಡರ್ರ್ ಎಂದು ಓಡಿತು. ಕಣ್ಣು ತಾನಾಗಿ ಪರದೆಯತ್ತ ಹೋಯಿತು.

'ಮಹಡಿ' ಎಂಬ ಸಾಲಿನ ಅಂಕಿ ಏರುತ್ತಿತ್ತು!

ಕಾಲೆತ್ತಿದಳು. ಇಳಿಯಿತು. ಮತ್ತೆ ಒತ್ತಿದಳು. ಏರಿತು.

"ಇದು... ರೀ, ಇದು..."

"ಗೊತ್ತು," ಎಂದ ಅವನು ಮೆಲ್ಲಗೆ. "ಮೇಷ್ಟ್ರು ಖಾಲಿ ಮಾಡಿದ ಮೇಲೆ ಮಹಡಿಗೆ ಬೀಗ ಹಾಕಿದ್ದೆ. ನಾನು ಇಲ್ಲಿ ಅಂಗಿ ಇಸ್ತ್ರಿ ಮಾಡಿದ್ರೆ ಡಬ್ಬೀಲಿ ಮಹಡಿ ಅಂಕಿ ಏರ್ತು. ಕೆಂಪು, ಹಸಿರು ಎರಡೂ ನನಗೆ ಒಂದೇ ಥರ ಕಾಣುತ್ತೆ, ಚಿಕ್ಕಂದಿನಿಂದ. ನೀನು ಅಷ್ಟು ಖುಷಿಯಾಗಿ ಕಟ್ಟಿದ್ದೆ, ಹೇಗೆ ಹೇಳಲಿ? ಬಳೆ ಅದಲು ಬದಲಾಗಿತ್ತು..."

"ಗೊತ್ತಾದ ಮೇಲೂ ಬರಲಿಲ್ಲ?"

"ಯಾವ ಮುಖ ಹೊತ್ಕೊಂಡು ಬರಲಿ?"

"ಬಳೆ ಸರಿ ಮಾಡಿಯಾದ್ರೂ ಇಡಬಹುದಿತ್ತು."

"ಮಾಡಿದ್ರೆ ನನ್ನ ತಪ್ಪು ನಿನಗೆ ಕಾಣ್ತಿರಲಿಲ್ಲ."

ಕಳಂಕ ತೊಳೆದುಹೋಗಿತ್ತು. ಆದರೆ ಅವಳಿಗೆ ಸಂತೋಷವಾಗಲಿಲ್ಲ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಅಂಗಡಿಯಿಂದ ಎದ್ದು ಬಂದು ಇಣುಕಿಯೂ ನೋಡಲಿಲ್ಲ! ನಾನು ಕೆಟ್ಟವಳು ಅಂತ ಡಬ್ಬಿ ಹೇಳ್ತು, ನಂಬಿದ್ರಿ. ಅಲ್ಲ ಅಂತ ಅದೇ ಹೇಳ್ತು, ಆಗ್ಲೂ ನಂಬಿದ್ರಿ. ನನ್ನ ಮಾತನ್ನ ಯಾವತ್ತು ನಂಬಿದ್ರಿ?"

ಅವಳು ಪ್ಲಗ್ ಕಿತ್ತಳು. ವೈರು ಸುತ್ತುತ್ತಾ ಸುತ್ತುತ್ತಾ ನಿಂತಳು.

"ನಿಜ ಹೇಳಲಾ? ಒಂದು ದಿನ ಮಹಡಿಗೆ ಹೋಗಿದ್ದೆ."

ಅವನ ಮುಖ ಬಿಳಿಚಿತು. ತುಟಿ ಅಲುಗಿತು... 'ಕೇಳಲಿ, ಕೇಳಿದರೆ ಈಗಲೇ ಆಟೋ ಹತ್ತುತ್ತೇನೆ' ಎಂದುಕೊಂಡಳು ಅವಳು.

"ಸರಿ," ಎಂದ ಅವನು.

"ಯಾಕೆ ಅಂತ ಕೇಳಲ್ವಾ?"

"ಇಲ್ಲ. ನೀನು ಹೋಗಿದ್ದೀಯ ಅಂದ್ರೆ ಹೋಗೋ ಕೆಲಸವೇ ಇದ್ದಿರಬೇಕು."

ತಡೆದಿದ್ದ ಕಣ್ಣೀರು ಆಗ ಉಕ್ಕಿ ಬಂತು.

"ನೀವು ತಲೆನೋವು ಅಂತ ಮಲಗಿದ್ರಲ್ಲ, ಆವತ್ತು... ಸ್ವಲ್ಪ ಹೊತ್ತು ಪಿಟೀಲು ನಿಲ್ಲಿಸಿ ಅಂತ ಹೇಳೋಕೆ ಹೋಗಿದ್ದೆ."

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಅಮ್ಮಾ, ಬರ್ತೀರೋ ಇಲ್ವೋ?" ಆಟೋದವನು ಹಾರ್ನ್ ಬಾರಿಸಿದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ಬಳಿ ಹೋದಳು.

"ಮೇನ್ ಸ್ವಿಚ್ ಆರಿಸಿ. ಬಳೆ ನಾನು ಹಾಕ್ತೀನಿ. ಮೊದಲು ಆಟೋದವನನ್ನ ಕಳಿಸಿ ಬನ್ನಿ, ಇವತ್ತು ಬೇಡ ಅಂತ ಹೇಳಿ."

"ಇವತ್ತು ಮಾತ್ರನಾ?" ಅವನು ಎದ್ದು ನಿಂತ.

"ನನ್ನ ಮನಸ್ಸು ಇನ್ನೂ ಕಹಿಯಾಗೇ ಇದೆ ರೀ. ನಾಳೆ ಇರ್ತೀಯಾ ಅಂತ ನಾಳೆ ಕೇಳಿ."

"ಕೇಳ್ತೀನಿ. ದಿನಾ ನಿನ್ನನ್ನೇ ಕೇಳ್ತೀನಿ."